ಮಂದ್ರದ ತಂತಿಗೆ ಕಿವಿಯಿಡುವ ಜಾಗ

ತಂತಿವಾದ್ಯದ ಮಂದ್ರ ನಾದವು ಜಾತ್ರೆಯ ವೇದಿಕೆಯಿಂದ ಕೇಳುಗನನ್ನು ತಲುಪುವ ಮೊದಲು ತಂತಿ, ಪಿಕಪ್, ಆಂಪ್ಲಿಫೈಯರ್, ಸ್ಪೀಕರ್ ಎಂಬ ನಾಲ್ಕು ಹಂತಗಳನ್ನು ದಾಟುತ್ತದೆ. ಇವುಗಳಲ್ಲಿ ಒಂದು ಸೋತರೂ ಉಳಿದ ಮೂರಕ್ಕೆ ಸುರಿದ ಹಣ ದಂಡವಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಈ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ, ಏಕೆಂದರೆ ಮಂದ್ರವನ್ನು ಹೊತ್ತು ನಡೆಸುವ ಎರಡು ಪರಂಪರೆಗಳು ಇಲ್ಲಿ ಒಂದೇ ಮೈಕ್ ಸೆಟ್ಟಿಗೆ ಬಂದು ಸೇರುತ್ತವೆ. ತತ್ತ್ವಪದದ ಭಜನೆಯ ಏಕತಾರಿ, ಸವದತ್ತಿ ಎಲ್ಲಮ್ಮನ ಪದಗಳಿಗೆ ಜೋಗತಿಯರು ನುಡಿಸುವ ಚೌಡಿಕೆ, ಹಿಂದೂಸ್ತಾನಿ ಗಾಯಕರ ಹಿಂದೆ ಮಿಡಿಯುವ ತಂಬೂರಿ ಒಂದು ಕಡೆಯಾದರೆ, ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಂಥ ಸಂದರ್ಭಗಳಲ್ಲಿ, ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಚಿತ್ರಗೀತೆಗೆ ತಳಪಾಯ ಹಾಕುವ ಬಾಸ್ ಗಿಟಾರ್ ಇನ್ನೊಂದು ಕಡೆ. ವಾದ್ಯಗಳ ರೂಪ ಬೇರೆಯಾದರೂ ಅವುಗಳ ನಾದವನ್ನು ಹಿಡಿಯುವ ಭೌತಶಾಸ್ತ್ರ ಒಂದೇ.

ಬಾಸ್ ಗಿಟಾರಿನ ನಾಲ್ಕು ತಂತಿಗಳ ಆವೃತ್ತಿ, ಅಂದರೆ ಅವು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತವೆ ಎಂಬುದು, ಕ್ರಮವಾಗಿ 41.2, 55, 73.4 ಮತ್ತು 98 ಹರ್ಟ್ಸ್. ಗಂಡು ಧ್ವನಿಗೆಂದು ಹಾರ್ಮೋನಿಯಮ್ಮಿನ ಕರಿ ಒಂದಕ್ಕೆ ಶ್ರುತಿ ಮಾಡಿದ ತಂಬೂರಿಯ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುತ್ತದೆಯಾದ್ದರಿಂದ ಬಾಸ್ ಗಿಟಾರಿನ ಅತಿ ದಪ್ಪ ತಂತಿ ಅದಕ್ಕಿಂತಲೂ ಕೆಳಗಿಳಿಯುತ್ತದೆ. ಫ್ರಾನ್ಸಿನ ಮರಿನ್ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮದಂತೆ ತಂತಿಯ ಸ್ವರವನ್ನು ಒಂದು ಸ್ಥಾಯಿ ಇಳಿಸಬೇಕಾದರೆ ಉದ್ದವನ್ನು ಎರಡು ಪಟ್ಟು ಮಾಡಬೇಕು, ಇಲ್ಲವೆ ಬಿಗಿತವನ್ನು ಕಾಲು ಭಾಗಕ್ಕೆ ಇಳಿಸಬೇಕು, ಇಲ್ಲವೆ ತೂಕವನ್ನು ನಾಲ್ಕು ಪಟ್ಟು ಏರಿಸಬೇಕು. ಉದ್ದವನ್ನು ಹೆಚ್ಚಿಸಿದರೆ ವಾದ್ಯ ಹೆಗಲಿಗೇರುವುದಿಲ್ಲ, ಬಿಗಿತವನ್ನು ತಗ್ಗಿಸಿದರೆ ತಂತಿ ಜೋತು ಹಲಗೆಯ ಮೆಟ್ಟಿಲುಗಳಿಗೆ (ಫ್ರೆಟ್) ಬಡಿಯುತ್ತದೆ, ಬರೀ ದಪ್ಪ ಸರಿಗೆ ಹಾಕಿದರೆ ಅದು ಸರಳಿನಂತೆ ಸೆಟೆದು ಸ್ವರ ಅಪಸ್ವರವಾಗುತ್ತದೆ. ತೆಳ್ಳನೆಯ ಉಕ್ಕಿನ ಎಳೆಯ ಮೇಲೆ ಇನ್ನೊಂದು ಎಳೆಯನ್ನು ಒತ್ತಾಗಿ ಸುತ್ತಿದರೆ ತೂಕ ಏರುತ್ತದೆ, ಸೆಡಸು ಬರುವುದಿಲ್ಲ. ಬಾಸ್ ತಂತಿಗಳು ಬಹುತೇಕ ಹೀಗೆ ಸುತ್ತಿದವೇ ಆಗಿವೆ. ಹೊರಗಿನ ಸುತ್ತು ದುಂಡಾಗಿದ್ದರೆ ನಾದ ಹೊಳಪುಳ್ಳದ್ದಾಗಿರುತ್ತದೆ, ಚಪ್ಪಟೆಯಾಗಿದ್ದರೆ ಮೆತ್ತಗೆ, ಗುಂಡಗೆ ಕೇಳಿಸುತ್ತದೆ. ಬೆವರು ಮತ್ತು ಧೂಳು ಸುತ್ತುಗಳ ಸಂದಿಗಿಳಿದರೆ ಮೇಲಿನ ಸ್ವರಗಳು ಮೊದಲು ಸಾಯುವುದರಿಂದ, ವಾದ್ಯ ಮಂಕಾಗಿದೆಯೆಂದು ಪಿಕಪ್ ಬದಲಿಸುವ ಮುನ್ನ ತಂತಿ ಬದಲಿಸಿ ನೋಡುವುದು ವಿವೇಕದ ಕ್ರಮ.

ಪಿಕಪ್ ಎಂಬುದು ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಾಧನ. ಒಂದು ಕಾಂತದ ಸುತ್ತ, ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತುವಂತೆ, ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸಲ ಸುತ್ತಿ ಇದನ್ನು ತಯಾರಿಸುತ್ತಾರೆ. ಉಕ್ಕಿನ ತಂತಿ ಕಾಂತದೆದುರು ಅಲುಗಾಡಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ, ಮತ್ತು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮದಂತೆ ಆ ಏರಿಳಿತವು ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬಾಸ್‌ನಲ್ಲಿ 34 ಅಂಗುಲದ, ಅಂದರೆ ಸುಮಾರು 86.4 ಸೆಂಟಿಮೀಟರಿನ ತಂತಿಯ ಕೆಳಗೆ ಇಂಥ ಒಂದೇ ಪಿಕಪ್ ಇತ್ತು. ಇಂದಿಗೂ ಬಹುಪಾಲು ಬಾಸ್ ಗಿಟಾರುಗಳ ತಂತಿಯ ಉದ್ದ ಅಷ್ಟೇ ಇದೆ. ಸುತ್ತುಗಳನ್ನು ಹೆಚ್ಚಿಸಿದಷ್ಟೂ ವಿದ್ಯುತ್ತು ಜೋರಾಗುತ್ತದೆ, ಆದರೆ ಮೇಲಿನ ಸ್ವರಗಳು ಕುಗ್ಗುತ್ತವೆ. ಆದ್ದರಿಂದ ಜೋರಾದ ಪಿಕಪ್ಪೇ ಒಳ್ಳೆಯದೆಂಬ ಅಂಗಡಿಯ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ. ಪಿಕಪ್ಪನ್ನು ತಂತಿಗೆ ತೀರ ಹತ್ತಿರ ಎತ್ತರಿಸಿದರೆ ಕಾಂತವೇ ತಂತಿಯನ್ನು ಎಳೆದು ಅದರ ಕಂಪನವನ್ನು ಕೆಡಿಸುತ್ತದೆ. ಸ್ಕ್ರೂ ತಿರುಗಿಸಿ ಎತ್ತರ ಸರಿಪಡಿಸಿದ ಸಾಮಾನ್ಯ ಪಿಕಪ್ಪು ಸರಿಪಡಿಸದ ದುಬಾರಿ ಪಿಕಪ್ಪಿಗಿಂತ ಚೆನ್ನಾಗಿ ಕೇಳಿಸುವ ಸಂದರ್ಭಗಳು ಬಹಳ.

ಪಿಕಪ್ಪಿನ ಜಾತಿಗಿಂತಲೂ ಅದು ಕೂತ ಜಾಗವೇ ನಾದವನ್ನು ಹೆಚ್ಚು ತೀರ್ಮಾನಿಸುತ್ತದೆ. ಮಿಡಿದ ತಂತಿ ಒಂದೇ ಬಗೆಯಲ್ಲಿ ಕಂಪಿಸುವುದಿಲ್ಲ. ಇಡಿಯಾಗಿ ಅಲುಗಾಡುತ್ತ ಮೂಲಸ್ವರವನ್ನು ಕೊಡುವಾಗಲೇ ಎರಡು, ಮೂರು, ನಾಲ್ಕು ಸಮಭಾಗಗಳಾಗಿಯೂ ಅಲುಗಾಡಿ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಉಪಸ್ವರಗಳನ್ನು ಹೊರಡಿಸುತ್ತದೆ. ಈ ಭಾಗಗಳ ಗಡಿಯಲ್ಲಿ ತಂತಿ ಅಲುಗಾಡದೆ ನಿಲ್ಲುವ ಬಿಂದುಗಳಿಗೆ ನಿಸ್ಪಂದಗಳೆಂದು ಹೆಸರು. ನಿಸ್ಪಂದದ ಕೆಳಗೆ ಇಟ್ಟ ಪಿಕಪ್ಪಿಗೆ ಆ ಉಪಸ್ವರ ಕೇಳಿಸುವುದೇ ಇಲ್ಲ. 86.4 ಸೆಂಟಿಮೀಟರಿನ ತಂತಿಯಲ್ಲಿ ಕುದುರೆಯಿಂದ (ಬ್ರಿಜ್) 14.4 ಸೆಂಟಿಮೀಟರ್ ದೂರ, ಅಂದರೆ ಆರನೆಯ ಒಂದು ಭಾಗದಲ್ಲಿ ಪಿಕಪ್ ಇದ್ದರೆ ತೆರೆದ ತಂತಿಯ ಆರನೆಯ ಉಪಸ್ವರ ಅದಕ್ಕೆ ಸಿಕ್ಕುವುದಿಲ್ಲ. ಹನ್ನೆರಡನೆಯ ಮೆಟ್ಟಿಲನ್ನು ಒತ್ತಿ ತಂತಿಯನ್ನು ಅರ್ಧಕ್ಕಿಳಿಸಿದರೆ ಅದೇ ಜಾಗ ಮೂರನೆಯ ಒಂದು ಭಾಗವಾಗಿ ಮೂರನೆಯ ಉಪಸ್ವರ ಮಾಯವಾಗುತ್ತದೆ. ಪಿಕಪ್ಪನ್ನು ಕುದುರೆಯತ್ತ ಸರಿಸಿ 7.2 ಸೆಂಟಿಮೀಟರಿಗೆ ತಂದರೆ ಅದು ಹಿಡಿಯುವ ಮೂಲಸ್ವರ ಸುಮಾರು ಅರ್ಧಕ್ಕಿಳಿದು, ಅದಕ್ಕೆ ಹೋಲಿಸಿದರೆ ಉಪಸ್ವರಗಳು ಮುಂದೆ ಬರುತ್ತವೆ. ಕುತ್ತಿಗೆಯ ಕಡೆಯ ಪಿಕಪ್ ಗುಂಡಗೆ, ಕುದುರೆಯ ಕಡೆಯದು ಕಚ್ಚಿ ನುಡಿಯುವುದರ ಕಾರಣ ಇಷ್ಟೇ. 1960ರಲ್ಲಿ ಬಂದ ಜಾಝ್ ಬಾಸ್‌ನಲ್ಲಿ ಎರಡು ಪಿಕಪ್ಪುಗಳನ್ನಿಟ್ಟು ಎರಡರ ಪ್ರಮಾಣವನ್ನು ಬೆರಳಲ್ಲೇ ಬೆರೆಸುವ ಅನುಕೂಲ ಮಾಡಲಾಯಿತು.

ನಿಸ್ಪಂದದ ಈ ನಿಯಮವನ್ನು ಮೀರುವ ವಾದ್ಯವೊಂದು ಕೃಷ್ಣಾ ನದಿಯ ಇದೇ ಕಣಿವೆಯಲ್ಲಿ ತಯಾರಾಗುತ್ತದೆ. ಜಮಖಂಡಿಯಂತೆಯೇ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಮಿರಜ್‌ನ ಕುಶಲಕರ್ಮಿಗಳು ಮಾಡುವ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ತಂಬೂರಿಯ ಕುದುರೆ ಚೂಪಾಗಿರದೆ ಅಗಲವಾಗಿ, ಬಾಗಿದ ಮೈಯುಳ್ಳದ್ದಾಗಿರುತ್ತದೆ ಮತ್ತು ತಂತಿಯ ಕೆಳಗೆ ತೂರಿಸಿದ ನೂಲಿನೆಳೆಯಿಂದ ಅದರ ಜವಾರಿ, ಅಂದರೆ ಝೇಂಕಾರ, ಕೂಡಿಸಲಾಗುತ್ತದೆ. ಒಂದು ಉಪಸ್ವರದ ನಿಸ್ಪಂದದಲ್ಲಿಯೇ ತಂತಿಯನ್ನು ಮಿಡಿದರೆ ಸಾಮಾನ್ಯ ವಾದ್ಯದಲ್ಲಿ ಆ ಉಪಸ್ವರ ಹುಟ್ಟುವುದಿಲ್ಲ, ತಂಬೂರಿಯಲ್ಲಿ ಮಾತ್ರ ಹುಟ್ಟುತ್ತದೆಂದು ಸಿ. ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳ ಕುರಿತ ಪ್ರಬಂಧದಲ್ಲಿ ತೋರಿಸಿದರು. ಕಂಪಿಸುವ ತಂತಿ ಕುದುರೆಯ ಬಾಗಿದ ಮೈಯನ್ನು ಪ್ರತಿ ಸುತ್ತಿನಲ್ಲಿಯೂ ಮುಟ್ಟಿ ಬಿಡುವುದರಿಂದ ಮೂಲಸ್ವರದ ಶಕ್ತಿ ಮೇಲಿನ ಸ್ವರಗಳಿಗೆ ಹಂಚಿಹೋಗುತ್ತದೆ. ಮೆಟ್ಟಿಲುಗಳಿಲ್ಲದ ಬಾಸ್ ಗಿಟಾರಿನ ತಂತಿ ಹಲಗೆಗೆ ತಾಗಿ ಹೊರಡಿಸುವ ಝೇಂಕಾರವೂ ಈ ಕ್ರಿಯೆಗೆ ಹತ್ತಿರದ್ದು. ತಂಬೂರಿಯನ್ನು ಕೇಳಿ ಬೆಳೆದ ಕಿವಿಗೆ ಆ ಬಗೆಯ ಬಾಸ್ ಬೇಗ ಒಗ್ಗಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ವಿದ್ಯುತ್ ಮಗ್ಗಗಳ ಊರಾದ ರಬಕವಿ-ಬನಹಟ್ಟಿಯಲ್ಲಿ ಬಾಸ್ ನುಡಿಸುವವರು ಎದುರಿಸುವ ಇನ್ನೊಂದು ಸಮಸ್ಯೆ ಗುಂಯ್ ಎನ್ನುವ ಹಮ್. ತಾಮ್ರದ ಸುರುಳಿ ತಂತಿಯ ಕಂಪನವನ್ನಷ್ಟೇ ಅಲ್ಲದೆ ಮೋಟಾರು, ಟ್ರಾನ್ಸ್‌ಫಾರ್ಮರ್, ಗೋಡೆಯ ವೈರಿಂಗುಗಳಿಂದ ಹೊರಡುವ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಭಾರತದ ವಿದ್ಯುತ್ ಸೆಕೆಂಡಿಗೆ 50 ಸಲ ಮಿಡಿಯುವುದರಿಂದ ಈ ಹಮ್ ಬಾಸ್‌ನ ಅತಿ ದಪ್ಪ ತಂತಿಯ ಮೂರನೆಯ ಮೆಟ್ಟಿಲಿನ ಸ್ವರಕ್ಕೆ, ಅಂದರೆ 49 ಹರ್ಟ್ಸ್‌ಗೆ, ತೀರ ಸಮೀಪವಿದೆ. ಅದರ ಎರಡರಷ್ಟಾದ 100 ಹರ್ಟ್ಸ್ ತೆರೆದ ತೆಳು ತಂತಿಯ 98 ಹರ್ಟ್ಸ್‌ನೊಡನೆ ಉಜ್ಜಿ ಸೆಕೆಂಡಿಗೆ ಎರಡು ಸಲ ಏರಿಳಿಯುವ ಮಿಡಿತವನ್ನು ಉಂಟುಮಾಡುತ್ತದೆ. ಸ್ವರದ ಜಾಗದಲ್ಲಿಯೇ ಕೂತ ಹಮ್ಮನ್ನು ಟೋನ್ ಗುಂಡಿ ತಿರುಗಿಸಿ ತೆಗೆಯಲಾಗದು. ಇದಕ್ಕೆ ಪರಿಹಾರವಾಗಿ ಎರಡು ಸುರುಳಿಗಳನ್ನು ಎದುರುಬದುರು ದಿಕ್ಕಿನಲ್ಲಿ ಸುತ್ತಿ, ಕಾಂತದ ಧ್ರುವಗಳನ್ನೂ ತಿರುಗುಮುರುಗು ಮಾಡುತ್ತಾರೆ. ಹೊರಗಿನ ಹಮ್ ಎರಡರಲ್ಲಿ ವಿರುದ್ಧವಾಗಿ ಹುಟ್ಟಿ ಪರಸ್ಪರ ಅಳಿಸಿಹೋಗುತ್ತದೆ, ತಂತಿಯ ಸಂಕೇತ ಮಾತ್ರ ಕೂಡಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ರೂಪಿಸಿದ ಹಂಬಕರ್ ಪಿಕಪ್ಪಿನ ತತ್ತ್ವ ಇದು. 1957ರಿಂದ ಪ್ರಿಸಿಷನ್ ಬಾಸ್‌ಗೆ ಬಂದ, ಎರಡೆರಡು ತಂತಿಗೆ ಒಂದರಂತೆ ಸೀಳಿದ ಸುರುಳಿಯೂ ಹೀಗೆಯೇ ಕೆಲಸ ಮಾಡುತ್ತದೆ. ಮಗ್ಗದ ಪಕ್ಕದ ಕೋಣೆಯಲ್ಲಿ ತಾಲೀಮು ನಡೆಸುವವರಿಗೆ, ಜನರೇಟರಿನ ಬಗಲಲ್ಲಿ ವೇದಿಕೆ ಹಾಕುವವರಿಗೆ ಒಂಟಿ ಸುರುಳಿಯ ಪಿಕಪ್ಪಿಗಿಂತ ಇದು ಮೇಲು. ಸರಿಯಾದ ಅರ್ಥಿಂಗ್ ಇಲ್ಲದ ಕಡೆ ಯಾವ ಪಿಕಪ್ಪೂ ಹಮ್ಮನ್ನು ಪೂರ್ತಿ ತಡೆಯದು. ಅಲ್ಲಿ ಅರ್ಥಿಂಗ್ ನಾದದ ಪ್ರಶ್ನೆಯಷ್ಟೇ ಅಲ್ಲ, ಉಕ್ಕಿನ ತಂತಿಯ ಮೇಲೆ ಬೆವರಿನ ಬೆರಳಿಡುವವನ ಜೀವದ ಪ್ರಶ್ನೆಯೂ ಹೌದು.

ಇಷ್ಟೆಲ್ಲ ಮಾಡಿಯೂ ಬಯಲಿನಲ್ಲಿ ಬಾಸ್ ಕೇಳದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಸ್ಪೀಕರಿನಲ್ಲಿರುತ್ತದೆ. ಒಂದೇ ಗಟ್ಟಿತನದ ಧ್ವನಿಗೆ ಆವೃತ್ತಿ ಅರ್ಧವಾದರೆ ಸ್ಪೀಕರಿನ ಕಾಗದದ ಶಂಕು ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಓಡಾಡಬೇಕು. 412 ಹರ್ಟ್ಸ್‌ನ ಸ್ವರಕ್ಕೆ ಬೇಕಾದುದಕ್ಕಿಂತ 41.2 ಹರ್ಟ್ಸ್‌ಗೆ ನೂರು ಪಟ್ಟು. ಭಜನೆ, ಶ್ರೀಕೃಷ್ಣ ಪಾರಿಜಾತದ ಆಟಗಳಿಗೆ ಗಿಡಕ್ಕೋ ಕಂಬಕ್ಕೋ ಕಟ್ಟುವ ಹಾರ್ನ್ ಸ್ಪೀಕರ್ ಮಾತನ್ನು ದೂರ ಒಯ್ಯುವುದರಲ್ಲಿ ಸಮರ್ಥ, ಆದರೆ ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ ಅದರಿಂದ ಹೆಚ್ಚೇನೂ ಹೊರಡುವುದಿಲ್ಲ. ಅಂದರೆ ದಪ್ಪ ತಂತಿಯ ಮೂಲಸ್ವರವೂ ಸೇರಿ ಮೊದಲ ಏಳು ಸ್ವರಗಳು ಹಾರ್ನಿನ ಬಾಯಲ್ಲಿಯೇ ಉಳಿಯುತ್ತವೆ. ಮೂಲಸ್ವರ ಇಲ್ಲದಿದ್ದರೂ ಉಪಸ್ವರಗಳ ನಡುವಿನ ಅಂತರದಿಂದ ಮಿದುಳು ಅದನ್ನು ಊಹಿಸಿ ತುಂಬಿಕೊಳ್ಳಬಲ್ಲದು, ಚಿಕ್ಕ ರೇಡಿಯೊದಲ್ಲಿ ಬಾಸ್ ಕೇಳಿದಂತಾಗುವುದು ಹಾಗೆಯೇ. ಆದರೆ ಕೆಳಗಿನ ಕೆಲವಾದರೂ ಉಪಸ್ವರಗಳು ಉಳಿದಿದ್ದರೆ ಮಾತ್ರ ಆ ಊಹೆ ಗಟ್ಟಿಯಾಗುತ್ತದೆ. ಹಾರ್ನ್ ಬಿಟ್ಟು ಬೇರೆ ದಾರಿಯಿಲ್ಲದ ವೇದಿಕೆಯಲ್ಲಿ ಕುದುರೆಯ ಕಡೆಯ ಪಿಕಪ್ಪನ್ನು ಏರಿಸಿ, ಹೊಸ ದುಂಡು ಸುತ್ತಿನ ತಂತಿ ಹಾಕುವುದು ಸೂಕ್ತ. ದೊಡ್ಡ ಪೆಟ್ಟಿಗೆಗಳಿದ್ದರೆ ಅವನ್ನು ಮೇಲೆ ತೂಗಹಾಕದೆ ನೆಲದ ಮೇಲಿಡಬೇಕು, ಏಕೆಂದರೆ ನೆಲ ಧ್ವನಿಯನ್ನು ಹಿಂದಿರುಗಿಸಿ ಬಲ ಕೊಡುತ್ತದೆ. 41 ಹರ್ಟ್ಸ್‌ನ ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ವೇದಿಕೆಯ ಎರಡು ತುದಿಗೆ ಒಂದೊಂದು ಬಾಸ್ ಪೆಟ್ಟಿಗೆಯಿಟ್ಟರೆ, ಎರಡರಿಂದಲೂ ಬರುವ ದಾರಿಗಳ ನಡುವೆ ನಾಲ್ಕೂಕಾಲು ಮೀಟರ್ ವ್ಯತ್ಯಾಸವಿರುವ ಕಡೆ ಕೂತವರಿಗೆ ಆ ಸ್ವರ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಎರಡನ್ನೂ ಒಂದೇ ಕಡೆ ಜೋಡಿಸಿದರೆ ಈ ತೊಂದರೆ ತಪ್ಪುತ್ತದೆ. ಕೈಯಲ್ಲಿ ಅಲ್ಪ ಹಣವಿದ್ದಾಗ ಅದು ಮೊದಲು ಸ್ಪೀಕರಿಗೆ, ಆಮೇಲೆ ತಂತಿಗೆ, ಕೊನೆಗೆ ಪಿಕಪ್ಪಿಗೆ ಹೋಗಬೇಕು. ಗಿಟಾರ್ ಕೊಳ್ಳುವವರು ಬಹುತೇಕ ಇದರ ವಿರುದ್ಧ ಕ್ರಮದಲ್ಲಿ ಖರ್ಚು ಮಾಡುತ್ತಾರೆ.

ಚೌಡಿಕೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ವಿವೇಚನೆ ಬೇಕು. ಪೊಳ್ಳು ಕೊಳವೆಯಾಕಾರದ ಒಡಲು, ಅದರ ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಒಡಲೊಳಗಿಂದ ಮೇಲೆ ಬಂದು ಪಕ್ಕದ ದಂಡಕ್ಕೆ ಕಟ್ಟಿಕೊಂಡ ಒಂದೇ ತಂತಿ. ಇದು ಅದರ ರಚನೆ. ಗಿಟಾರಿನ ತಂತಿ ಕುದುರೆಯ ಮೇಲೆ ಹಾದುಹೋಗುವುದರಿಂದ ತಂತಿ ಒಂದು ಸಲ ಅಲುಗಾಡಿದರೆ ಕುದುರೆಯೂ ಒಂದು ಸಲ ಅಲುಗಾಡುತ್ತದೆ. ಚೌಡಿಕೆಯಲ್ಲಿ ತಂತಿ ಚರ್ಮಕ್ಕೆ ನೆಟ್ಟಗೆ ನಿಂತಿರುವುದರಿಂದ ಅದು ಎಡಕ್ಕೆ ಬಾಗಿದಾಗಲೂ ಬಲಕ್ಕೆ ಬಾಗಿದಾಗಲೂ ಬಿಗಿತ ಏರಿ ಚರ್ಮವನ್ನು ಎಳೆಯುತ್ತದೆ. ತಂತಿಯ ಒಂದು ಕಂಪನಕ್ಕೆ ಚರ್ಮ ಎರಡು ಸಲ ಮಿಡಿದು, ತಂತಿಗಿಂತ ಒಂದು ಸ್ಥಾಯಿ ಮೇಲಿನ ಸ್ವರ ನಾದದಲ್ಲಿ ಸೇರುತ್ತದೆ. ರಾಮನ್ ಹಣಕಾಸು ಇಲಾಖೆಯ ತರುಣ ಅಧಿಕಾರಿಯಾಗಿದ್ದ 1909ರಲ್ಲಿಯೇ ಒಂಟಿ ತಂತಿಯ ಇನ್ನೊಂದು ವಾದ್ಯವಾದ ಏಕತಾರಿಯ ಕುರಿತು ಇಂಡಿಯನ್ ಮ್ಯಾಥಮ್ಯಾಟಿಕಲ್ ಕ್ಲಬ್ಬಿನ ಪತ್ರಿಕೆಯಲ್ಲಿ ಪುಟ್ಟ ಬರಹವೊಂದನ್ನು ಪ್ರಕಟಿಸಿದ್ದರು. ಭಿಕ್ಷಾಟನೆಯ ವಾದ್ಯವೆಂದು ಕಡೆಗಣಿಸಿದ ಒಂಟಿ ತಂತಿಯನ್ನು ಅಷ್ಟು ಗೌರವದಿಂದ ಪರೀಕ್ಷಿಸಿದ ವಿಜ್ಞಾನಿ ಈ ದೇಶದಲ್ಲಿದ್ದರೆಂಬುದು ನೆನೆಯಬೇಕಾದ ಸಂಗತಿ.

ಇದರಿಂದ ಹೊರಡುವ ವ್ಯಾವಹಾರಿಕ ಪಾಠ ಸ್ಪಷ್ಟವಿದೆ. ಚೌಡಿಕೆಗೆ ನರದ ತಂತಿಯಿದ್ದರೆ ಗಿಟಾರಿನ ಕಾಂತದ ಪಿಕಪ್ಪಿಗೆ ಅದು ಕಾಣುವುದೇ ಇಲ್ಲ. ಉಕ್ಕಿನ ತಂತಿಯಿದ್ದರೆ ಕಾಣುತ್ತದೆ, ಆದರೆ ಪಿಕಪ್ ಹಿಡಿಯುವುದು ತಂತಿಯ ಧ್ವನಿಯನ್ನೇ ಹೊರತು ಚರ್ಮದ ಧ್ವನಿಯನ್ನಲ್ಲ, ಕೇಳುಗರು ಚೌಡಿಕೆಯೆಂದು ಗುರುತಿಸುವುದಾದರೋ ಚರ್ಮದ ಧ್ವನಿಯನ್ನು. ಒತ್ತಿದರೆ ವಿದ್ಯುತ್ ಹೊಮ್ಮಿಸುವ ಪೀಜೊ ಬಿಲ್ಲೆಯನ್ನು, ಕ್ಯೂರಿ ಸಹೋದರರು 1880ರಲ್ಲಿ ಹರಳುಗಳಲ್ಲಿ ಕಂಡ ಗುಣದ ಮೇಲೆ ನಿಂತ ಈ ಅಗ್ಗದ ಸಾಧನವನ್ನು, ಚರ್ಮದ ನಡುವೆ ಅಂಟಿಸದೆ ಅಂಚಿನ ಬಳಿ ಒಡಲಿಗೆ ಅಂಟಿಸುವುದು ಒಳ್ಳೆಯದು. ನಡುವೆ ಅಂಟಿಸಿದರೆ ಅದರ ಭಾರವೇ ಚರ್ಮದ ಮಿಡಿತವನ್ನು ತಗ್ಗಿಸುತ್ತದೆ. ಬಿಲ್ಲೆಯ ವೈರನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿದಾಗ ಬರುವ ತಗಡಿನಂಥ ಸದ್ದಿಗೆ ಬಿಲ್ಲೆಯನ್ನು ದೂಷಿಸುವುದು ತಪ್ಪು. ಅದರ ವಿದ್ಯುತ್ ಧಾರಕತೆ ಸುಮಾರು 20 ನ್ಯಾನೊಫ್ಯಾರಡ್. ಮಿಕ್ಸರಿನ ಲೈನ್ ಇನ್‌ಪುಟ್ಟಿನ ರೋಧ 10 ಸಾವಿರ ಓಮ್ ಆಗಿದ್ದರೆ ಇವೆರಡೂ ಸೇರಿ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಸೋಸಿಬಿಡುತ್ತವೆ. ನಡುವೆ 10 ಲಕ್ಷ ಓಮ್ ರೋಧದ ಪುಟ್ಟ ಪ್ರೀಆಂಪ್ ಇಟ್ಟರೆ ಆ ಗಡಿ 8 ಹರ್ಟ್ಸ್‌ಗೆ ಇಳಿದು ಮಂದ್ರವೆಲ್ಲ ಒಳಗೆ ಬರುತ್ತದೆ. ಬಿಲ್ಲೆ ಬೇಡವೆನ್ನುವವರು ಒಂದು ದಿಕ್ಕಿನಿಂದ ಮಾತ್ರ ಕೇಳುವ ಸಾಮಾನ್ಯ ಗಾಯನದ ಮೈಕನ್ನು ಚರ್ಮದಿಂದ ನಾಲ್ಕು ಬೆರಳಿನಷ್ಟು ದೂರ ಹಿಡಿಯಬಹುದು, ಇಂಥ ಮೈಕುಗಳು ಮೂಲಕ್ಕೆ ಹತ್ತಿರವಾದಷ್ಟೂ ಕೆಳಸ್ವರಗಳನ್ನು ತಾವಾಗಿಯೇ ಹೆಚ್ಚಿಸುತ್ತವೆ.

ಹಾಡುವವಳ ಮುಂದಿನ ಒಂದೇ ಮೈಕಿಗೆ ಚೌಡಿಕೆಯೂ ಕೇಳಲೆಂದು ಬಿಟ್ಟಾಗ ಆ ವಾದ್ಯಕ್ಕೆ ಹೆಚ್ಚಿನ ನಷ್ಟವಾಗುತ್ತದೆ. ಗಾಯನದ ಚಾನೆಲ್ಲಿನಲ್ಲಿ ಉಸಿರು, ಗಾಳಿಯ ಸದ್ದು ತಡೆಯಲೆಂದು 80 ಅಥವಾ 100 ಹರ್ಟ್ಸ್‌ನ ಲೋ ಕಟ್ ಗುಂಡಿಯನ್ನು ಒತ್ತಿಡುವುದು ಮೈಕ್ ಸೆಟ್ಟಿನವರ ರೂಢಿ, ಮತ್ತು ದನಿಗೆ ಅದು ಸರಿಯೂ ಹೌದು, ಆದರೆ ಚೌಡಿಕೆಯ ಮಂದ್ರವನ್ನೂ ಅದು ಕತ್ತರಿಸುತ್ತದೆ. ಚೌಡಿಕೆಗೆ ಬೇರೆ ಚಾನೆಲ್ ಕೊಟ್ಟು, ಅದರಲ್ಲಿ ಮಾತ್ರ ಆ ಗುಂಡಿಯನ್ನು ಬಿಡಿಸಿ, ಫೀಡ್‌ಬ್ಯಾಕಿನ ಕೂಗು ಬಾರದಂತೆ ಬಾಸ್ ಪೆಟ್ಟಿಗೆಯನ್ನು ಜೋಗತಿಯ ಬೆನ್ನ ಹಿಂದಿನಿಂದ ತೆಗೆದು ವೇದಿಕೆಯ ಮುಂದಿನ ನೆಲಕ್ಕೆ ಇಳಿಸುವುದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.