ಭ್ರಮನಿರಸನ: ಹಗ್ಗವೋ, ಹಾವೋ?

ಕಳೆದ ತಿಂಗಳ ನಮ್ಮ ಕೂಟದಲ್ಲಿ ಅನಂತಮೂರ್ತಿಯವರ 'ಅವಸ್ಥೆ' (1978) ಕಾದಂಬರಿಯ ಚರ್ಚೆ ಮುಗಿದ ಮೇಲೆ ಗೆಳೆಯರೊಬ್ಬರು ಕಾಫಿ ಹೀರುತ್ತಾ ಕೇಳಿದರು: "ಭ್ರಮನಿರಸನ ಅಂದರೆ ನಿರಾಶೆ ತಾನೇ?" ಅಲ್ಲ ಎಂದೆ. ಯಾಕಲ್ಲ ಎಂದು ಹೇಳಲು ಆಗ ಆಗಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ನಿರಸನ ಎಂದರೆ ತೊಡೆದುಹಾಕುವುದು. ವೇದಾಂತಿಗಳ ಹಳೆಯ ಉದಾಹರಣೆ ನಿಮಗೆ ಗೊತ್ತೇ ಇದೆ: ಮಬ್ಬಿನಲ್ಲಿ ಹಾವೆಂದು ಕಂಡದ್ದು ದೀಪ ತಂದಾಗ ಹಗ್ಗವಾಗುತ್ತದೆ. ಭ್ರಮೆಯ ಜೊತೆ ಭಯವೂ ಹೋಗುತ್ತದೆ, ಲಾಭವೇ. ಆದರ್ಶದ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗು. ಆಸರೆಗೆಂದು ಹಿಡಿದ ಹಗ್ಗ ಕೈಯಲ್ಲೇ ಹೊರಳುತ್ತದೆ.

'ಅವಸ್ಥೆ'ಯ ಕೃಷ್ಣಪ್ಪ ಗೌಡನ ಹಿಂದೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆರಳಿದೆ ಎನ್ನುವುದು ಎಲ್ಲರೂ ಬಲ್ಲ ಮಾತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದಿಂದ ಹುಟ್ಟಿದ ಜಗಳ 1951ರಲ್ಲಿ ಸತ್ಯಾಗ್ರಹವಾಯಿತು. ಗೌಡರು ಅದರ ಮುಂಚೂಣಿಯಲ್ಲಿದ್ದರು. ಅವರು 1972ರಲ್ಲಿ ತೀರಿಕೊಂಡರು. ಉಳುವವನಿಗೆ ಭೂಮಿ ಕೊಟ್ಟ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂತು. ಆದರ್ಶವೇನೂ ಸುಳ್ಳಾಗಿರಲಿಲ್ಲ, ತಡವಾಯಿತು ಅಷ್ಟೇ.

ಕಾದಂಬರಿಯ ಕೃಷ್ಣಪ್ಪನನ್ನು ನೋಡಿ. ಪಾರ್ಶ್ವವಾಯು ಬಡಿದು ಮಲಗಿರುವ ಅವನನ್ನು ಕಾಡುವುದು ಸಿದ್ಧಾಂತ ಸೋತದ್ದಲ್ಲ. ಹೆಂಡತಿಯ ಮೇಲೆ ರೇಗುವ, ಗೊತ್ತಾಗದಂತೆ ರಾಜಿಗೆ ಒಗ್ಗಿಹೋದ ತಾನು. ನಂಬಿಕೆ ಸರಿಯೇ ಇತ್ತು, ಭ್ರಮೆ ಇದ್ದದ್ದು ತನ್ನ ಬಗ್ಗೆ. ನಿರಾಶೆಯಾದರೆ ಲೋಕವನ್ನು ಬೈದು ಹಗುರಾಗಬಹುದು. ಇಲ್ಲಿ ಬೈಯಲು ಬೇರೆ ಯಾರೂ ಇಲ್ಲ.

ಎಂ.ಎಸ್. ಮಾಡಲು ಇಲ್ಲಿಗೆ ಬಂದಾಗ, ಐದೇ ವರ್ಷ, ಆಮೇಲೆ ಊರಿನ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. (ನಗಬೇಡಿ, ನಿಮ್ಮಲ್ಲೂ ಅನೇಕರು ಕೊಟ್ಟಿರುತ್ತೀರಿ.) ಆರನೆಯ ವರ್ಷ ಮನೆಸಾಲ, ಒಂಬತ್ತನೆಯ ವರ್ಷ ಮಗಳ ಶಾಲೆ. ಪ್ರತಿ ಸಲವೂ ಕಾರಣ ಸರಿಯಾಗಿಯೇ ಇತ್ತು. ಪ್ರೋಗ್ರಾಮಿನಲ್ಲಿ ಮೆಮೊರಿ ಸೋರುವುದೂ ಹೀಗೆಯೇ: ಯಾವ ಸಾಲೂ ತಪ್ಪೆನಿಸುವುದಿಲ್ಲ, ಒಂದು ದಿನ ಎಲ್ಲ ನಿಂತುಹೋಗುತ್ತದೆ.

ನನ್ನದು ನಿಂತದ್ದು ಎರಡು ವರ್ಷದ ಹಿಂದೆ. "ಶಾಲೆ ಮುಚ್ಚಿದರು ಕಣೋ, ಮಕ್ಕಳೇ ಇಲ್ಲವಂತೆ" ಎಂದು ಅಪ್ಪ ಫೋನಿನಲ್ಲಿ ಹೇಳಿದರು. ದುಃಖವಾಗಬೇಕಿತ್ತು. ಮೊದಲು ಆದದ್ದು ನಿರಾಳ: ಇನ್ನು ಯಾರೂ ಕೇಳುವುದಿಲ್ಲ. ಅದನ್ನು ಕಂಡು ನನಗೇ ಹೆದರಿಕೆಯಾಯಿತು. ಅಂದು ಗೆಳೆಯರ ಪ್ರಶ್ನೆಗೆ ನಾನು ಸುಮ್ಮನೆ ಕಾಫಿ ಲೋಟ ನೋಡುತ್ತಾ ಕೂತದ್ದು ಇದಕ್ಕೇ.