ಕಡಲಕರೆಯ ಕಲಹವೂ ಗುಬ್ಬಿಯ ಸಂತೆಯೂ

ನಾವು ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಕಾಲದ ಮಾತಿದು. ಚರಿತ್ರೆಯ ಉಪಾಧ್ಯಾಯರು ರಜೆಯಲ್ಲಿದ್ದಾಗಲೆಲ್ಲ ಅವರ ತರಗತಿಯೂ ನಮ್ಮ ಪಾಲಿಗೇ ಬರುತ್ತಿದ್ದಿತು. ಅಂತಹ ಒಂದು ದಿನ ಮಂಗಳೂರಿನ ಮುತ್ತಿಗೆಯ ಪಾಠವನ್ನು ಓದಿಸುತ್ತಿದ್ದೆವು. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ, ಅಡಕೆ ವ್ಯಾಪಾರಸ್ಥರ ಮನೆಯ ಹುಡುಗನೊಬ್ಬನು ಎದ್ದುನಿಂತು, “ಮೇಷ್ಟ್ರೇ, ಇಂಗ್ಲಿಷರೂ ಫ್ರೆಂಚರೂ ಎಲ್ಲೋ ಸಮುದ್ರದ ದಡದಲ್ಲಿ ಹೊಡೆದಾಡಿಕೊಂಡರೆ ನಮ್ಮ ಗುಬ್ಬಿಗೆ ಏನಾಗಬೇಕು?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಮಗೆ ಉತ್ತರವು ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. “ಪರೀಕ್ಷೆಗೆ ಬರುವುದನ್ನು ಕೇಳು, ಕುಳಿತುಕೋ” ಎಂದು ಗದರಿಸಿ ಕೂರಿಸಿದೆವು. ಹುಡುಗನು ಕುಳಿತನು, ಪ್ರಶ್ನೆಯು ಮಾತ್ರ ನಮ್ಮ ಮನಸ್ಸಿನಲ್ಲಿ ನಿಂತೇ ಇದ್ದಿತು. ವಿಶ್ರಾಂತಿಯ ಈ ದಿನಗಳಲ್ಲಿ ಅದಕ್ಕೆ ಸಲ್ಲಬೇಕಾದ ಉತ್ತರವನ್ನು ಸಲ್ಲಿಸಿ ಋಣಮುಕ್ತರಾಗಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಗುಬ್ಬಿಯಿಂದಲೇ ಪ್ರಾರಂಭಿಸೋಣ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಕುಂಪಣಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗುಬ್ಬಿಗೂ ಬಂದಿದ್ದನು. ಅಲ್ಲಿನ ವಾರದ ಸಂತೆಯನ್ನೂ, ದೂರದೂರದ ಸೀಮೆಗಳ ಸರಕು ಅಲ್ಲಿ ಕೈಬದಲಾಗುತ್ತಿದ್ದುದನ್ನೂ ಅವನು ಬರೆದಿಟ್ಟಿರುವನು. ಘಟ್ಟದ ಮೇಲಣ ನಗರ ಸೀಮೆಯ ಅಡಕೆ ಮೆಣಸುಗಳು ಎತ್ತುಗಳ ಬೆನ್ನ ಮೇಲೆ ಒಂದು ಕಡೆಗೆ ಪೂರ್ವದ ಪೇಟೆಗಳಿಗೂ, ಇನ್ನೊಂದು ಕಡೆಗೆ ಘಟ್ಟವಿಳಿದು ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳ ಬಂದರುಗಳಿಗೂ ಹೋಗುತ್ತಿದ್ದವು. ಕೆಳಗಿನಿಂದ ಉಪ್ಪು ಮೇಲಕ್ಕೇರುತ್ತಿದ್ದಿತು. ಬಂದರಿನ ಬಾಗಿಲು ಮುಚ್ಚಿದರೆ ಸಂತೆಯ ತಕ್ಕಡಿ ಅಲುಗಾಡದಿರುವುದು ಹೇಗೆ? ಈ ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿರಬೇಕೆಂಬುದೇ ಮುನ್ನೂರು ವರ್ಷಗಳ ಕಲಹದ ಸಾರಾಂಶವು.

ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದು, ಹಿಂದಿರುಗುವಾಗ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿದನು. 1505ರಲ್ಲಿ ಪೋರ್ಚುಗೀಸರು ಅದೇ ದ್ವೀಪದಲ್ಲಿ ಕೋಟೆ ಕಟ್ಟಿದರು. ಅದೇ ವರ್ಷ ಹೊನ್ನಾವರದಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿಯಿಟ್ಟರು. ಅವರಿಗೆ ಬೇಕಾಗಿದ್ದುದು ಮೆಣಸು. ಇಂದು ಒಗ್ಗರಣೆಗೆ ನಾಲ್ಕು ಕಾಳು ಹಾಕುವ ಗೃಹಿಣಿಯರಿಗೆ ಇದು ವಿನೋದವಾಗಿ ಕಾಣಬಹುದು. ಆದರೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಆ ಪರಂಗಿಯವರೇ ‘ಮೆಣಸಿನ ರಾಣಿ’ ಎಂದು ಕರೆದರೆಂಬುದರಿಂದ ಅದರ ಬೆಲೆಯನ್ನು ಊಹಿಸಬಹುದು. ನಮ್ಮ ಮೆಣಸನ್ನು ಕೊಂಡೊಯ್ದವರ ಹಡಗುಗಳೇ ಅಮೆರಿಕ ಖಂಡದ ಮೆಣಸಿನಕಾಯಿಯನ್ನು ನಮಗೆ ತಂದುಕೊಟ್ಟವು. ಚಾವಿ, ಪಾದ್ರಿ ಎಂಬ ಮಾತುಗಳೂ ಅವರಿಂದಲೇ ಬಂದವು.

ಪೋರ್ಚುಗೀಸರು ಕಡಲಿಗೇ ಸುಂಕದ ಕಟ್ಟೆಯನ್ನು ಕಟ್ಟಿದರೆನ್ನಬಹುದು. ಅವರಿಂದ ರಹದಾರಿ ಚೀಟಿಯನ್ನು ಪಡೆಯದ ಹಡಗನ್ನು ಕಂಡಲ್ಲಿ ಹಿಡಿಯುತ್ತಿದ್ದರು. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಬಿಜಾಪುರದವರಿಂದ ಕಿತ್ತುಕೊಂಡನು. ಆ ದಾಳಿಗೆ ಪ್ರೇರಣೆಯಿತ್ತವನು ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯನೇ. ಅವನಿಗೆ ಗೋವೆಯ ಭೂಮಿಗಳ ಆಡಳಿತವು ಸಿಕ್ಕಿತು. ಆದರೆ ಅದು ಬಹುಕಾಲ ಅವನ ಕೈಯಲ್ಲಿ ಉಳಿಯಲಿಲ್ಲ. ಪರರ ಕತ್ತಿಯಿಂದ ತನ್ನ ಹಗೆಯನ್ನು ಕಡಿಯಹೊರಟವರ ಪಟ್ಟಿಯಲ್ಲಿ ಈತನ ಹೆಸರು ಮೊದಲಿನದು.

ಗೋವೆಯ ಬಲವಿದ್ದುದು ಕುದುರೆಯಲ್ಲಿ. ಪಾರಸೀಕ ಮತ್ತು ಅರಬ್ಬೀ ಸೀಮೆಗಳ ಕುದುರೆಗಳನ್ನು ಹೊತ್ತ ಹಡಗುಗಳು ಗೋವೆಗೇ ಬರಬೇಕೆಂದು ಅವರು ಕಟ್ಟುಮಾಡಿದರು. ವಿಜಯನಗರಕ್ಕೂ ಕುದುರೆ ಬೇಕು, ಬಿಜಾಪುರಕ್ಕೂ ಕುದುರೆ ಬೇಕು. 1547ರ ಒಡಂಬಡಿಕೆಯಂತೆ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಮಾತ್ರ ಸಲ್ಲತಕ್ಕವಾಗಿದ್ದವು. ಇಬ್ಬರು ಅರಸರ ಅಶ್ವಬಲವು ಹೀಗೆ ಮೂರನೆಯವನ ಲಾಯದ ಕೀಲಿಗೆ ಸಿಕ್ಕಿಕೊಂಡಿತು. ನಮ್ಮ ಕುಣಿಗಲಿನಲ್ಲಿ ಟಿಪ್ಪುಸುಲ್ತಾನನ ಕಾಲದ್ದೆಂದು ಪ್ರಸಿದ್ಧವಾದ ಅಶ್ವಶಾಲೆಯನ್ನು ನೋಡಿದಾಗಲೆಲ್ಲ ನಮಗೆ ಈ ಸಂಗತಿಯು ನೆನಪಾಗುವುದು. ಕುದುರೆಗಾಗಿ ಕಡಲಿನತ್ತ ಕೈಚಾಚುವ ಅರಸನಿಗಿಂತ ಒಳನಾಡಿನ ಹುಲ್ಲುಗಾವಲಿನಲ್ಲಿ ತಾನೇ ಮರಿ ಸಾಕುವ ಅರಸನು ವಿವೇಕಿಯಲ್ಲವೆ?

ಪೋರ್ಚುಗೀಸರ ಸೊಕ್ಕಿಗೆ ಎದುರಾಗಿ ಇನ್ನಿಬ್ಬರು ಬಂದರು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯು 1600ರಲ್ಲಿಯೂ ಡಚ್ಚರದು 1602ರಲ್ಲಿಯೂ ಹುಟ್ಟಿದವು. ಡಚ್ಚರು 1637ರಲ್ಲಿ ವೆಂಗುರ್ಲೆಯಲ್ಲಿ ಕೋಠಿಯನ್ನಿಟ್ಟುಕೊಂಡು, ಗೋವೆಯ ಬಾಯಿಗೇ ತಮ್ಮ ಹಡಗುಗಳನ್ನು ಅಡ್ಡಗಟ್ಟತೊಡಗಿದರು. ಈ ಸಂದರ್ಭವನ್ನು ಚೆನ್ನಾಗಿ ಬಳಸಿಕೊಂಡ ಕನ್ನಡದ ಅರಸನೆಂದರೆ ಕೆಳದಿಯ ಶಿವಪ್ಪನಾಯಕನು. ಪೋರ್ಚುಗೀಸರು ಡಚ್ಚರೊಡನೆ ಹೆಣಗುತ್ತಿದ್ದಾಗ, 1652ರಿಂದ 1654ರವರೆಗಿನ ಕಾಲದಲ್ಲಿ ಅವನು ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಅವರನ್ನು ಹೊರಡಿಸಿದನು. ಮೆಣಸು ಬೆಳೆಯುವ ಘಟ್ಟ, ಅಕ್ಕಿ ಬೆಳೆಯುವ ಗದ್ದೆ, ಇವೆರಡನ್ನೂ ಮಾರುವ ಬಂದರು, ಮೂರೂ ಒಂದೇ ಕೈಯಲ್ಲಿದ್ದುದರಿಂದ ಅವನಿಗೆ ಇದು ಸಾಧ್ಯವಾಯಿತು. ಗೋವೆಯ ಜನರು ಕೆನರಾ ಸೀಮೆಯ ಅಕ್ಕಿಯನ್ನು ನಂಬಿ ಬದುಕುತ್ತಿದ್ದರೆಂಬುದನ್ನು ಇಲ್ಲಿ ಮರೆಯಬಾರದು. ಶಿವಪ್ಪನಾಯಕನು ಪರರ ಕಲಹದ ಸಮಯವನ್ನು ಬಳಸಿಕೊಂಡನು. ಪರರ ಸಹಾಯವನ್ನು ನಂಬಿ ಕೂರಲಿಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು.

ಇಲ್ಲಿ ನಮ್ಮ ಶಾಸ್ತ್ರದ ಒಂದು ಮಾತನ್ನು ಹೇಳಬೇಕಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂಡಲ ಸಿದ್ಧಾಂತವೆಂಬುದೊಂದುಂಟು. ಗಡಿಗೆ ಹೊಂದಿದವನು ಅರಿ, ಅವನಾಚೆಯವನು ಮಿತ್ರ. ನಮ್ಮ ಅರಸರು ಬಲು ಕಾಲದಿಂದ ಈ ಲೆಕ್ಕದಲ್ಲಿ ನಿಪುಣರಾಗಿದ್ದರು. ಪರಂಗಿಯವರು ಬಂದಾಗ ಅವರನ್ನೂ ಇದೇ ಚಕ್ರದ ಮನೆಗಳಲ್ಲಿ ಕೂರಿಸಿದರು: ಪೋರ್ಚುಗೀಸನು ಹಗೆಯಾದರೆ ಡಚ್ಚನು ಗೆಳೆಯ, ಇಂಗ್ಲಿಷನು ಹಗೆಯಾದರೆ ಫ್ರೆಂಚನು ಗೆಳೆಯ. ಲೆಕ್ಕವು ತಪ್ಪಿದುದೆಲ್ಲಿ? ಕೌಟಿಲ್ಯನ ಅರಸನು ತನ್ನ ನೆಲದ ಮೇಲೆಯೇ ಕುಳಿತವನು. ಅವನ ಹಗೆತನವೂ ಸ್ನೇಹವೂ ಆ ನೆಲದಲ್ಲಿಯೇ ಹುಟ್ಟಿದವು. ಕಡಲಾಚೆಯವರ ಹಗೆತನವಾದರೋ ಲಿಸ್ಬನ್, ಲಂಡನ್, ಪ್ಯಾರಿಸ್ ಪಟ್ಟಣಗಳಲ್ಲಿ ಹುಟ್ಟಿ, ಅಲ್ಲಿಯೇ ಸಾಯುತ್ತಿದ್ದಿತು.

ದೃಷ್ಟಾಂತಕ್ಕೆ ಒಂದು ಮದುವೆಯನ್ನೇ ನೋಡೋಣ. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೂ ವಿವಾಹವು ನಿಶ್ಚಯವಾಯಿತು. ವರದಕ್ಷಿಣೆಯಾಗಿ ಬೊಂಬಾಯಿ ದ್ವೀಪವು ವರನ ಪಾಲಾಯಿತು! 1668ರಲ್ಲಿ ಅವನು ಅದನ್ನು ವರ್ಷಕ್ಕೆ 10 ಪೌಂಡುಗಳ ಗುತ್ತಿಗೆಗೆ ಕಂಪನಿಗೆ ಬಿಟ್ಟುಕೊಟ್ಟನು. ಅದೇ 1661ರಲ್ಲಿ ಡಚ್ಚರೂ ಪೋರ್ಚುಗೀಸರೂ ಯೂರೋಪಿನಲ್ಲಿ ಸಂಧಿಗೆ ಸಹಿಹಾಕಿದರು. ಆದರೂ 1663ರ ಜನವರಿಯಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದರು. ಸಂಧಿಯ ಮಾತೆತ್ತಿ ಕೇಳಿದರೂ ಹಿಂದಿರುಗಿಸಲಿಲ್ಲ. ಇಂತಹವರ ಮೈತ್ರಿಯ ಮೇಲೆ ಮನೆ ಕಟ್ಟುವುದೆಂದರೆ ಮರಳಿನ ಮೇಲೆ ಪಾಯ ತೋಡಿದಂತೆಯೇ ಸರಿ.

ಇನ್ನು ಮಂಗಳೂರಿನ ಮುತ್ತಿಗೆಗೆ ಬರೋಣ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಮೇಲೆ ಕೆಳದಿಯ ಬಂದರುಗಳೆಲ್ಲ ಮೈಸೂರಿನವಾದವು. 1778ರಲ್ಲಿ ಅಮೆರಿಕದ ಬಂಡಾಯಗಾರರ ಪಕ್ಷವನ್ನು ಫ್ರೆಂಚರು ವಹಿಸಿದರು. ಆ ಕಲಹದ ಕಿಡಿಯು ಕಡಲುಗಳನ್ನು ಹಾರಿ ಇಲ್ಲಿಗೆ ಬಿದ್ದಿತು. ಇಂಗ್ಲಿಷರು ಅದೇ ವರ್ಷ ಪುದುಚೇರಿಯನ್ನೂ, 1779ರಲ್ಲಿ ಮಲೆಯಾಳದ ಕರೆಯಲ್ಲಿದ್ದ ಮಾಹೆಯನ್ನೂ ಫ್ರೆಂಚರಿಂದ ಕಿತ್ತುಕೊಂಡರು. ಮಾಹೆಯು ಹೈದರನಿಗೆ ಯುದ್ಧಸಾಮಗ್ರಿ ಬರುವ ಬಾಗಿಲು. ಅದು ತನ್ನ ರಕ್ಷಣೆಯಲ್ಲಿದೆಯೆಂದು ಅವನು ಮೊದಲೇ ಎಚ್ಚರಿಸಿದ್ದನು. 1780ರಲ್ಲಿ ಅವನು ಯುದ್ಧಕ್ಕೆ ಹೊರಟನು. 1782ರ ಡಿಸೆಂಬರಿನಲ್ಲಿ ಯುದ್ಧದ ನಡುವೆಯೇ ತೀರಿಕೊಂಡನು. ಮರುವರ್ಷದ ಆದಿಯಲ್ಲಿ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸನು ಹೊನ್ನಾವರ, ಬಿದನೂರು, ಮಂಗಳೂರುಗಳನ್ನು ಹಿಡಿದನು. ಟಿಪ್ಪುವು ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಿನಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದನು. ಅವನ ಪಕ್ಕದಲ್ಲಿ ಫ್ರೆಂಚರ ಪಡೆಯೊಂದು ನಿಂತಿದ್ದಿತು.

ಆಗ ಬಂದಿತು ಒಂದು ಕಾಗದ! ಜನವರಿಯಲ್ಲಿಯೇ ವರ್ಸೈಲ್ಸಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿಯ ಕರಾರಾಗಿದ್ದಿತು. ಆ ಸುದ್ದಿಯು ಇಲ್ಲಿಗೆ ಮುಟ್ಟುವ ವೇಳೆಗೆ ಜುಲೈ ಆಯಿತು. ಕೋಟೆಯ ಗೋಡೆ ಬಿರುಕುಬಿಟ್ಟಿದೆ, ಒಳಗಿನವರು ಹಸಿದಿದ್ದಾರೆ. ಅಂತಹ ಸಮಯದಲ್ಲಿ ಫ್ರೆಂಚರು, ತಮ್ಮ ದೊರೆಗೆ ಈಗ ಇಂಗ್ಲಿಷರು ಹಗೆಗಳಲ್ಲವೆಂದು ಆಯುಧವನ್ನಿಳಿಸಿ ಹೊರಟುಹೋದರು. ಟಿಪ್ಪುವು ಏಕಾಕಿಯಾಗಿ ಕೋಟೆಯನ್ನು ಬಳಸಿ ನಿಂತನು. 1784ರ ಜನವರಿ 30ರಂದು ಕೋಟೆಯು ಅವನ ವಶವಾಯಿತು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಆದರೆ ಪಾಠವನ್ನು ಕಲಿಯಬೇಕಾದಷ್ಟು ಕಲಿಯಲಿಲ್ಲವೆಂದೇ ತೋರುತ್ತದೆ. 1787ರಲ್ಲಿ ಅವನು ಮತ್ತೆ ಫ್ರಾನ್ಸಿಗೆ ರಾಯಭಾರಿಗಳನ್ನು ಕಳುಹಿಸಿದನು. 1788ರ ಆಗಸ್ಟಿನಲ್ಲಿ ಹದಿನಾರನೆಯ ಲೂಯಿ ದೊರೆಯು ಅವರನ್ನು ಆಡಂಬರದಿಂದ ಬರಮಾಡಿಕೊಂಡನು. ಸೈನ್ಯವನ್ನು ಮಾತ್ರ ಕೊಡಲಿಲ್ಲ. ಮರುವರ್ಷ ಅವನ ಸಿಂಹಾಸನವೇ ನಡುಗಿತು.

ಇಲ್ಲಿಂದ ನಮ್ಮ ಜಿಲ್ಲೆಗೆ ಒಂದೇ ಹೆಜ್ಜೆ. 1789ರಲ್ಲಿ ಡಚ್ಚರು ಕೊಚ್ಚಿಯ ಬಳಿಯ ಕೊಡುಂಗಲ್ಲೂರು, ಆಯಕೋಟೆ ಎಂಬ ಎರಡು ಕೋಟೆಗಳನ್ನು ತಿರುವಾಂಕೂರಿನ ಅರಸನಿಗೆ ಮಾರಿಬಿಟ್ಟರು. ಕೊಚ್ಚಿಯು ತನಗೆ ಕಪ್ಪ ಕೊಡುವ ರಾಜ್ಯ, ಆದುದರಿಂದ ಈ ಮಾರಾಟವು ಸಲ್ಲದೆಂದು ಟಿಪ್ಪುವು ತಕರಾರು ಮಾಡಿ, ಡಿಸೆಂಬರಿನಲ್ಲಿ ತಿರುವಾಂಕೂರಿನ ಗಡಿಯ ಕೋಟೆಸಾಲನ್ನು ಮುತ್ತಿದನು. ತಿರುವಾಂಕೂರು ಇಂಗ್ಲಿಷರ ಮಿತ್ರರಾಜ್ಯ. ಯುದ್ಧವು ಮೊದಲಾಯಿತು. 1791ರ ಮಾರ್ಚಿನಲ್ಲಿ ಬೆಂಗಳೂರು ಬಿದ್ದಿತು. ಜೂನಿನಲ್ಲಿ ಕುಣಿಗಲ್ ಸೀಮೆಯ ಹುಲಿಯೂರುದುರ್ಗವೂ, ಡಿಸೆಂಬರಿನಲ್ಲಿ ಹುತ್ರಿದುರ್ಗವೂ ಇಂಗ್ಲಿಷರ ವಶವಾದವು. ಆ ಸೇನೆಯ ನಾಯಕನಾರು? ಹತ್ತು ವರ್ಷಗಳ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದ ಅದೇ ಕಾರ್ನ್‌ವಾಲಿಸನು! ಡಚ್ಚರು ತಮಗೆ ಬೇಡವಾದ ಎರಡು ಕೋಟೆಗಳನ್ನು ಮಾರಿದುದರ ಫಲವಾಗಿ, ಕಡಲನ್ನೇ ಕಾಣದ ಹುತ್ರಿದುರ್ಗದ ಬೆಟ್ಟದ ಬುಡದ ರಾಗಿಹೊಲಗಳಿಗೆ ದಂಡು ಬಂದಿಳಿಯಿತು. ಮೇಷ್ಟ್ರಾದ ನಾವು ಆ ದಿನ ಹುಡುಗನಿಗೆ ಹೇಳಬೇಕಾಗಿದ್ದುದು ಇದನ್ನೇ.

1792ರ ಸಂಧಿಯಿಂದ ಟಿಪ್ಪುವು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣವೂ ಅವನೂ ಬಿದ್ದರು. ಇಂಗ್ಲಿಷರು ಮೈಸೂರನ್ನು ಒಡೆಯರಿಗೆ ಕೊಟ್ಟರು. ಕಡಲಕರೆಯನ್ನು ಮಾತ್ರ ತಾವೇ ಇಟ್ಟುಕೊಂಡರು. ಮನೆಯನ್ನು ಕೊಟ್ಟು ಹೆಬ್ಬಾಗಿಲನ್ನು ಉಳಿಸಿಕೊಂಡಂತಾಯಿತು. ಆಮೇಲೆ ಆ ಕರೆಯನ್ನೂ ಎರಡಾಗಿಸಿ, 1862ರಲ್ಲಿ ಉತ್ತರ ಭಾಗವನ್ನು ಬೊಂಬಾಯಿಗೆ ಸೇರಿಸಿ, ದಕ್ಷಿಣ ಭಾಗವನ್ನು ಮದರಾಸಿನಲ್ಲಿಯೇ ಉಳಿಸಿದರು. ಗುಬ್ಬಿಯವನಿಗೆ ಹೊನ್ನಾವರವೂ ಮಂಗಳೂರೂ ಪರರಾಜ್ಯಗಳಾಗಿದ್ದುದು 1956ರ ನವೆಂಬರ್ 1ರವರೆಗೂ ನಡೆಯಿತು. ಫ್ರೆಂಚರು ಮಾಹೆಯನ್ನು ಬಿಟ್ಟುದು 1954ರಲ್ಲಿ. ಪೋರ್ಚುಗೀಸರು ಗೋವೆಯನ್ನೂ ಅಂಜದೀವವನ್ನೂ ಬಿಟ್ಟುದು 1961ರ ಡಿಸೆಂಬರಿನಲ್ಲಿ.

ಕಳೆದ ವರ್ಷ ಗುಬ್ಬಿಯ ಚನ್ನಬಸವೇಶ್ವರಸ್ವಾಮಿಯ ರಥೋತ್ಸವಕ್ಕೆ ಹೋಗಿದ್ದಾಗ ಆ ಹುಡುಗನು ಎದುರಾದನು. ಈಗ ಅವನೇ ಮಂಡಿಯ ಯಜಮಾನ. ತಲೆಯಲ್ಲಿ ನರೆ ಮೂಡಿದೆ. ನಮಸ್ಕರಿಸಿ, ಮನೆಗೆ ಕರೆದೊಯ್ದು, ತಾಂಬೂಲದ ತಟ್ಟೆಯನ್ನು ಮುಂದಿಟ್ಟನು. ನಾವು ಹಳೆಯ ಪ್ರಶ್ನೆಯನ್ನು ನೆನಪಿಸಿ, ಅಂದು ಗದರಿಸಿದುದು ತಪ್ಪಾಯಿತೆಂದು ಹೇಳಿ, ಈ ಕಥೆಯನ್ನೆಲ್ಲ ಸಾದ್ಯಂತವಾಗಿ ನಿವೇದಿಸಿದೆವು. ಅವನು ಸಾವಧಾನವಾಗಿ ಕೇಳಿ, ತಟ್ಟೆಯಿಂದ ಒಂದು ಅಡಕೆಯ ಹೋಳನ್ನು ಎತ್ತಿಕೊಂಡು, “ಅದು ನನಗೆ ಆಮೇಲೆ ತಾನಾಗಿಯೇ ತಿಳಿಯಿತು, ಮೇಷ್ಟ್ರೇ. ಹೊರದೇಶದ ಅಡಕೆ ಯಾವುದೋ ಬಂದರಿಗೆ ಬಂದಿಳಿದರೆ ನಮ್ಮ ಮಂಡಿಯಲ್ಲಿ ದರ ಬೀಳುತ್ತದೆ. ಬೆಳಗ್ಗೆ ಎದ್ದೊಡನೆ ನಾನು ನೋಡುವುದು ಸಮುದ್ರದ ಸುದ್ದಿಯನ್ನೇ” ಎಂದನು.

ನಾವು ಮಾತನಾಡದೆ ತಾಂಬೂಲವನ್ನು ತೆಗೆದುಕೊಂಡೆವು. ಮಕ್ಕಳಿರುವ ಮನೆಯವರಲ್ಲಿ ನಮ್ಮದೊಂದೇ ವಿಜ್ಞಾಪನೆ: ಅವರು ಇಂತಹ ಪ್ರಶ್ನೆಯನ್ನು ಕೇಳಿದಾಗ, ಉತ್ತರವು ತಿಳಿಯದಿದ್ದರೂ ಸರಿಯೆ, ಕುಳಿತುಕೋ ಎಂದು ಮಾತ್ರ ಹೇಳಬೇಡಿರಿ.