ಚಾವಣಿಯ ಮೇಲೊಂದು ಸುಣ್ಣದ ಲೇಪ: ನೆರೆಹೊರೆ ಕೂಡಿ ಮನೆ ತಂಪಾಗಿಸುವ ಬಗೆ

ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ, ನಾರಾಯಣಪೇಟೆಗಳ ಕಡೆಯ ಹಳೆಯ ಮಾಳಿಗೆ ಮನೆಗಳ ತಂಪು ಅಲ್ಲಿ ಬೆಳೆದವರೆಲ್ಲರಿಗೂ ತಿಳಿದುದೇ. ತೊಲೆ, ಜಂತೆಗಳ ಮೇಲೆ ದಪ್ಪನಾಗಿ ಹೇರಿದ ಮಣ್ಣು ಹಗಲಿನ ಬಿಸಿಲನ್ನು ಸುಲಭವಾಗಿ ಒಳಕ್ಕೆ ಬಿಡುತ್ತಿರಲಿಲ್ಲ. ಬಿಸಿಗಾಳಿ ಬೆಳಕಿಂಡಿಯ ಮೂಲಕ ಮೇಲೇರಿ ಹೊರಟುಹೋಗುತ್ತಿತ್ತು. ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಗಡಿನ ಅಥವಾ ತೆಳುವಾದ ಕಾಂಕ್ರೀಟಿನ ಚಾವಣಿಯ ಕೆಳಗೆ ಮಲಗುತ್ತಾರೆ. ಹಗಲೆಲ್ಲ ಹೀರಿದ ಶಾಖವನ್ನು ಕಾಂಕ್ರೀಟು ರಾತ್ರಿ ಮನೆಯೊಳಗೆ ಬಿಡುತ್ತದೆ. ಏಪ್ರಿಲ್ ತಿಂಗಳ ಬೆಳಗಿನ ತರಗತಿಯಲ್ಲಿ ತೂಕಡಿಸುವ ಮಗುವನ್ನು ಸೋಮಾರಿ ಎನ್ನುವ ಮೊದಲು ಅದು ಯಾವ ಸೂರಿನಡಿ ರಾತ್ರಿ ಕಳೆಯಿತೆಂಬುದನ್ನು ವಿಚಾರಿಸುವುದು ಒಳ್ಳೆಯದು.

ಇರುವ ಮನೆಯನ್ನು ಕೆಡವದೆ, ಕಡಿಮೆ ವಿದ್ಯುತ್ತಿನಲ್ಲಿ ಅದನ್ನು ವಾಸಯೋಗ್ಯವಾಗಿಸುವ ಕೆಲಸಕ್ಕೆ ನಮ್ಮ ದೇಶದಲ್ಲಿ ಉತ್ತಮ ನಿದರ್ಶನ ಅಹಮದಾಬಾದ್. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಆ ನಗರದ ತಾಪಮಾನ 46.8 ಡಿಗ್ರಿಗೆ ಏರಿತು. ಸಾಮಾನ್ಯ ವರ್ಷಗಳಿಗಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. 2013ರಲ್ಲಿ ನಗರಪಾಲಿಕೆ ಶಾಖ ನಿರ್ವಹಣಾ ಯೋಜನೆಯನ್ನು ರೂಪಿಸಿತು. ಆದರೆ ಕೊಳಗೇರಿಯ ಚಾವಣಿಯ ಮೇಲೆ ಬಿಳಿ ಬಣ್ಣ ಹಚ್ಚುವಂತೆ ಮನೆಯೊಡತಿಯನ್ನು ಒಪ್ಪಿಸುವ ಕೆಲಸ ಯೋಜನೆಯ ಕಾಗದದಿಂದ ಆಗುವಂಥದಲ್ಲ. ಅದನ್ನು ಮಾಡಿದವರು ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯಾದ ‘ಸೇವಾ’ 1994ರಲ್ಲಿ ಸ್ಥಾಪಿಸಿದ ಮಹಿಳಾ ಹೌಸಿಂಗ್ ಟ್ರಸ್ಟಿನ ಸದಸ್ಯೆಯರು. ಅದೇ ಬಸ್ತಿಯ ಹೆಂಗಸರೇ ತರಬೇತಿ ಪಡೆದು ಮನೆಮನೆಗೆ ಹೋಗಿ ವಿದ್ಯುತ್ ಬಿಲ್ಲನ್ನು ಓದಿದರು. ಯಾವ ದೀಪ, ಯಾವ ಫ್ಯಾನು ಎಷ್ಟು ಖರ್ಚು ಮಾಡುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಪಕ್ಕದ ಮನೆಯಾಕೆ ತನ್ನ ಅನುಭವದಿಂದ ಹೇಳಿದ ಮಾತಿಗೆ ಇರುವ ತೂಕ ಹೊರಗಿನ ತಜ್ಞನ ಮಾತಿಗೆ ಇರುವುದಿಲ್ಲ.

ಲೇಪದ ಹಿಂದಿನ ವಿಜ್ಞಾನ ಸರಳವಾದುದು, ಆದರೆ ಅರ್ಧಂಬರ್ಧ ಹೇಳುವಂತಿಲ್ಲ. ಬಿಳಿ ಮೇಲ್ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಪ್ರತಿಫಲಿಸುತ್ತದೆ ಎಂದಷ್ಟೇ ಹೇಳಿದರೆ ಚುರುಕಾದ ವಿದ್ಯಾರ್ಥಿ ಕೇಳುವನು: ಹೊಳೆಯುವ ತಗಡೂ ಬೆಳಕನ್ನು ಪ್ರತಿಫಲಿಸುತ್ತದಲ್ಲ, ಅದೇಕೆ ಕಾದ ಹಂಚಿನಂತಾಗುತ್ತದೆ? ಉತ್ತರವಿಷ್ಟು: ಚಾವಣಿಯು ಬಿಸಿಲನ್ನು ಪ್ರತಿಫಲಿಸಿದರೆ ಸಾಲದು, ತಾನು ಹೀರಿದ ಶಾಖವನ್ನು ವಿಕಿರಣದಿಂದ ಹೊರಗೆ ಕಳೆದುಕೊಳ್ಳಲೂ ಬೇಕು. ಸುಣ್ಣ ಎರಡನ್ನೂ ಮಾಡುತ್ತದೆ. ಬರಿಯ ಲೋಹ ಎರಡನೆಯದರಲ್ಲಿ ತೀರ ಹಿಂದೆ. ತಗಡಿನ ಮೇಲೆ ಸುಣ್ಣ ನಿಲ್ಲದು, ಲೋಹಕ್ಕೆ ಹಿಡಿಯುವ ಬಿಳಿ ಲೇಪವೇ ಬೇಕು.

ಗಡಿನಾಡಿಗೆ ಇನ್ನೂ ಹತ್ತಿರದ ನಿದರ್ಶನ ತೆಲಂಗಾಣದ್ದು. 2017ರಲ್ಲಿ ಹೈದರಾಬಾದಿನ ಬಸ್ತಿಯೊಂದರ 25 ಬಡ ಮನೆಗಳ ಚಾವಣಿಗಳಿಗೆ ಪ್ರತಿಫಲಕ ಹೊದಿಕೆ ಹಾಸಿ ನೋಡಿದಾಗ ಒಳಗಿನ ತಾಪ ಸರಾಸರಿ 2 ಡಿಗ್ರಿ ಇಳಿಯಿತು. 2023ರಲ್ಲಿ ಆ ರಾಜ್ಯ ತಂಪು ಚಾವಣಿ ನೀತಿಯನ್ನು ಪ್ರಕಟಿಸಿ, ಐದು ವರ್ಷಗಳಲ್ಲಿ 300 ಚದರ ಕಿಲೋಮೀಟರಿನಷ್ಟು ಚಾವಣಿಯನ್ನು ತಂಪಾಗಿಸುವ ಗುರಿಯಿಟ್ಟಿತು. ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ನೀತಿ ಕಡ್ಡಾಯ. 600 ಚದರ ಗಜಕ್ಕಿಂತ ಚಿಕ್ಕ ನಿವೇಶನದ ಮನೆಗಳಿಗೆ ಐಚ್ಛಿಕ. ಎಂದರೆ, ಅತಿ ಹೆಚ್ಚು ಬೇಯುವ ಮನೆಗಳಲ್ಲಿ ಕೆಲಸ ನಡೆಯುವುದು ಜನ ತಾವಾಗಿ ಕೂಡಿದರೆ ಮಾತ್ರ. ಇಲ್ಲಿಯೇ ಕನ್ನಡ ಶಿಕ್ಷಕರ ಪಾತ್ರ ಬರುತ್ತದೆ. ಸುತ್ತೋಲೆ ತೆಲುಗಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಮನೆಯಲ್ಲಿ ಅಜ್ಜಿ ಆಡುವ ಮಾತು ಕನ್ನಡ. ತನ್ನ ಭಾಷೆಯಲ್ಲಿ ತಿಳಿಯದ ಯೋಜನೆ ಅವಳ ಪಾಲಿಗೆ ಇಲ್ಲದಂತೆಯೇ.

ಆರಂಭಕ್ಕೆ ಎರಡು ಉಷ್ಣಮಾಪಕಗಳು ಸಾಕು. ಒಂದೇ ಬಗೆಯ ಎರಡು ಕೋಣೆಗಳಲ್ಲಿ ಒಂದರ ಚಾವಣಿಗೆ ಮಾತ್ರ ಸುಣ್ಣ ಹಚ್ಚಿಸಿ, ಮಧ್ಯಾಹ್ನ ಮೂರು ಗಂಟೆಯ ಮತ್ತು ರಾತ್ರಿ ಒಂಬತ್ತು ಗಂಟೆಯ ತಾಪವನ್ನು ಎರಡು ವಾರ ಬರೆಯಿಸಿರಿ. ರಾತ್ರಿಯ ಅಂಕಿಗಳನ್ನು ಬಿಡಬೇಡಿರಿ. ನಿದ್ದೆಗೆ ಸಂಬಂಧಿಸಿದವು ಅವೇ. ಪಾಲಕರ ಸಭೆಯಲ್ಲಿ ಮಕ್ಕಳೇ ಅದನ್ನು ಕನ್ನಡದಲ್ಲಿ ಓದಲಿ. ಜೊತೆಗೆ ಒಂದು ಲೆಕ್ಕ: 75 ವ್ಯಾಟ್ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ 30 ದಿನಕ್ಕೆ 27 ಯೂನಿಟ್, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 10.8 ಯೂನಿಟ್. ಉಳಿತಾಯಕ್ಕೆ ಎಷ್ಟು ತಿಂಗಳಲ್ಲಿ ಫ್ಯಾನಿನ ಬೆಲೆ ತೀರುತ್ತದೆಂಬುದನ್ನು ಮಕ್ಕಳು ತಮ್ಮ ಮನೆಯ ಬಿಲ್ಲಿನ ದರದಿಂದಲೇ ಕಂಡುಹಿಡಿಯಲಿ. ಸ್ವಸಹಾಯ ಸಂಘದವರು ಹತ್ತು ಮನೆಗೆ ಒಟ್ಟಾಗಿ ಸುಣ್ಣ, ಕೂಲಿ ಗೊತ್ತುಮಾಡಿದರೆ ಖರ್ಚು ಇಳಿಯುತ್ತದೆ. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವ ರೂಢಿ ಇರುವಲ್ಲಿ ಚಾವಣಿಗೂ ಅದೇ ದಿನ ಹಚ್ಚಿದರೆ ಬೇಸಿಗೆಗೆ ಸರಿಹೋಗುತ್ತದೆ.

ತೊಡಕುಗಳನ್ನು ಮರೆಮಾಚಬಾರದು. ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಧೂಳು ಕುಳಿತರೆ ಬಿಳುಪು ಕುಂದುತ್ತದೆ, ವರ್ಷಕ್ಕೊಮ್ಮೆ ಹಚ್ಚಲೇಬೇಕು. ಬಾಡಿಗೆದಾರರಿಗೆ ಮಾಲಿಕನ ಒಪ್ಪಿಗೆ ಬೇಕು, ಇದನ್ನು ಕೇಳುವ ಧೈರ್ಯ ಒಬ್ಬರಿಗಿಂತ ಓಣಿಗೆ ಸುಲಭ. ಸುಣ್ಣ ಅರಳಿಸುವಾಗ ಅದು ಕುದಿಯುತ್ತದೆ, ಕಣ್ಣಿಗೆ ಅಪಾಯ, ಮಕ್ಕಳನ್ನು ದೂರವಿಡಿರಿ. ಸಿಮೆಂಟ್ ಶೀಟುಗಳ ಮೇಲೆ ಯಾರನ್ನೂ ಹತ್ತಿಸಬೇಡಿರಿ, ಕಲ್ನಾರಿನ ಶೀಟನ್ನು ಉಜ್ಜಲೂಬೇಡಿರಿ.

ನೀಲಗಿರಿಯ ಶಿಕ್ಷಕ ಬಂಧುಗಳಿಗೆ ಈ ಲೇಪದಿಂದ ಪ್ರಯೋಜನವಿಲ್ಲ. ಅಲ್ಲಿ ಶಾಖವನ್ನು ಒಳಗೇ ಉಳಿಸಿಕೊಳ್ಳಬೇಕು. ಕಿಟಕಿ, ಬಾಗಿಲುಗಳ ಸಂದು ಮುಚ್ಚುವುದು, ಚಾವಣಿಯ ಕೆಳಗೆ ಹಲಗೆಯ ತಡೆ ಹಾಕುವುದು ಅಲ್ಲಿನ ಕೆಲಸ. ಉಷ್ಣಮಾಪಕದ ಚಟುವಟಿಕೆಯನ್ನು ಮಾತ್ರ ಅವರೂ ಹಾಗೆಯೇ ಮಾಡಬಹುದು, ಡಿಸೆಂಬರಿನಲ್ಲಿ.